ಎಥನಾಲ್ ನಂಬಿ ಶೇಂಗಾ ಹೊಲಕ್ಕೆಲ್ಲ ಮೆಕ್ಕೆಜೋಳ ಹಾಕಬಹುದಾ? ಲೆಕ್ಕ ತಿಳಿದವರು ಹೇಳಿ

ಕೆಂಪುಮಸಾರಿ (ಜಗಳೂರು)

ಎಲ್ಲರಿಗೂ ನಮಸ್ಕಾರ. ಮಳೆ ನಂಬಿದ ಕೆಂಪು ಮಸಾರಿ ಹೊಲ, ಒಟ್ಟು 8 ಎಕರೆ. ಈಗ 3 ಎಕರೆ ಮೆಕ್ಕೆಜೋಳ, 4 ಎಕರೆ ಶೇಂಗಾ, 1 ಎಕರೆ ತೊಗರಿ. ಮುಂದಿನ ಮುಂಗಾರಿಗೆ ಶೇಂಗಾ ಬಿಟ್ಟು ಪೂರ್ತಿ ಮೆಕ್ಕೆಜೋಳಕ್ಕೆ ಹೋಗೋ ಯೋಚನೆ ಇದೆ.

ಎಲ್ಲರ ಬಾಯಲ್ಲೂ ಒಂದೇ ಮಾತು: ಪೆಟ್ರೋಲಿಗೆ ಎಥನಾಲ್ ಬೆರೆಸ್ತಾರೆ, ಫ್ಯಾಕ್ಟರಿಗೆ ಮೆಕ್ಕೆಜೋಳ ಬೇಕೇ ಬೇಕು, ಇನ್ನು ರೇಟು ಬೀಳಲ್ಲ. ಆದರೆ 2025ರ ನವೆಂಬರಿನಲ್ಲಿ ಬೆಂಬಲ ಬೆಲೆ 2,400 ಇದ್ದಾಗಲೇ ಮಾರ್ಕೆಟ್ 1,600–1,800ಕ್ಕೆ ಇಳೀತು. ಮುಖ್ಯಮಂತ್ರಿಗಳು ಪ್ರಧಾನಿಗೆ ಪತ್ರ ಬರೆಯುವ ತನಕ ಹೋಯಿತು. ಬೇಡಿಕೆ ಅಷ್ಟಿದ್ದರೆ ರೇಟು ಹೇಗೆ ಬಿತ್ತು?

ನನಗೆ ಬೇಕಾಗಿರೋದು ಇಷ್ಟು. ಎಥನಾಲ್ ಫ್ಯಾಕ್ಟರಿ ನಷ್ಟ ಇಲ್ಲದೆ ಕ್ವಿಂಟಾಲಿಗೆ ಎಷ್ಟರವರೆಗೆ ಕೊಡೋಕೆ ಸಾಧ್ಯ? ತೇವಾಂಶ ಅಂತ ಕಡಿತ ಮಾಡ್ತಾರಲ್ಲ, ಅದರಲ್ಲಿ ನ್ಯಾಯ ಎಷ್ಟು, ಹೆಚ್ಚುವರಿ ಹಿಡಿದದ್ದು ಎಷ್ಟು? ಶೇಂಗಾ ಬಿಟ್ಟರೆ ಹೊಲಕ್ಕೆ ಏನಾಗುತ್ತೆ? ರಾಜಕೀಯ ಬೇಡ, ಅಂಕಿ ಹಾಕಿ ಹೇಳಿ.

---

ಬಟ್ಟಿಲೆಕ್ಕ (ದಾವಣಗೆರೆ)

ಮೊದಲ ಪ್ರಶ್ನೆಗೆ ಉತ್ತರ ಲೆಕ್ಕದಲ್ಲೇ ಇದೆ. ಎಥನಾಲ್‌ಗೆ ಮಾರ್ಕೆಟ್ ರೇಟು ಅಂತ ಇಲ್ಲ. ತೈಲ ಕಂಪನಿಗಳು ಕೊಡುವ ದರ ಮೊದಲೇ ನಿಗದಿ ಆಗಿರುತ್ತೆ, ಯಾವ ಕಚ್ಚಾಮಾಲಿನಿಂದ ಮಾಡಿದ್ದು ಅನ್ನೋದರ ಮೇಲೆ ದರವೂ ಬೇರೆ. ಮೆಕ್ಕೆಜೋಳದ ಎಥನಾಲ್‌ಗೆ 2024ರ ಜನವರಿಯಲ್ಲಿ 66.07 ರೂಪಾಯಿಯ ಮೇಲೆ 5.79 ಪ್ರೋತ್ಸಾಹಧನ ಸೇರಿಸಿ ಲೀಟರಿಗೆ 71.86 ಮಾಡಿದರು. ಕಾಳಿನ ರೇಟು ಎಷ್ಟೇ ಏರಲಿ, ಫ್ಯಾಕ್ಟರಿಗೆ ಬರೋದು ಇಷ್ಟೇ.

ಇಳುವರಿ ನೋಡಿ. ಶೇ 14 ತೇವಾಂಶದ ಒಂದು ಟನ್ ಒಳ್ಳೆಯ ಕಾಳಿನಲ್ಲಿ ಪಿಷ್ಟ ಸುಮಾರು 600 ಕೆಜಿ. ಒಂದು ಕೆಜಿ ಪಿಷ್ಟದಿಂದ ಸಿದ್ಧಾಂತದ ಪ್ರಕಾರ 0.72 ಲೀಟರ್, ಅಂದರೆ 432 ಲೀಟರ್ ಬರಬೇಕು. ಅಷ್ಟು ಎಲ್ಲೂ ಬರಲ್ಲ. ಯೀಸ್ಟ್ ತನ್ನ ಮೈ ಬೆಳೆಸೋಕೆ ಸ್ವಲ್ಪ ಸಕ್ಕರೆ ತಿನ್ನುತ್ತೆ, ಸ್ವಲ್ಪ ಗ್ಲಿಸರಾಲ್ ಆಗುತ್ತೆ, ಸ್ವಲ್ಪ ಪಿಷ್ಟ ಕರಗದೆ ಹಿಂಡಿಯಲ್ಲೇ ಉಳಿಯುತ್ತೆ. ಶೇ 88ರ ದಕ್ಷತೆ ಹಿಡಿದರೆ 380 ಲೀಟರ್. ಎಲ್ಲರೂ ಹೇಳುವ 380 ಬಂದಿದ್ದು ಹೀಗೆ. ಜೊತೆಗೆ 300 ಕೆಜಿ ಆಸುಪಾಸು ಒಣ ಹಿಂಡಿ ಸಿಗುತ್ತೆ, ಅದೇ ಡಿಡಿಜಿಎಸ್.

ಈಗ ಗರಿಷ್ಠ ಖರೀದಿ ದರ. ಕೆಳಗಿನ ಖರ್ಚುಗಳು ಲೆಕ್ಕಕ್ಕಾಗಿ ಹಿಡಿದವು, ನಿಮಗೆ ಗೊತ್ತಿರುವ ಫ್ಯಾಕ್ಟರಿಯ ಅಂಕಿ ಹಾಕಿಕೊಳ್ಳಿ.

ಎಥನಾಲ್ ದರ 71.86. ಬಾಯ್ಲರ್ ಉರುವಲು, ಕರೆಂಟು, ಎಂಜೈಮು, ಕೂಲಿ ಸೇರಿ ಲೀಟರಿಗೆ 11. ಬ್ಯಾಂಕಿನ ಬಡ್ಡಿ ಮತ್ತು ಯಂತ್ರದ ಸವಕಳಿ 5. ಉಳಿಯೋದು 55.86. ಇದನ್ನು 380ರಿಂದ ಗುಣಿಸಿದರೆ 21,227. ಹಿಂಡಿ 300 ಕೆಜಿ, ಕೆಜಿಗೆ 14ರಂತೆ 4,200. ಒಟ್ಟು 25,427. ಅಂದರೆ ಫ್ಯಾಕ್ಟರಿ ಗೇಟಿನಲ್ಲಿ ಕ್ವಿಂಟಾಲಿಗೆ ಸುಮಾರು 2,540, ಲಾಭ ಸೊನ್ನೆ. ಲಾರಿ ಬಾಡಿಗೆ, ದಲಾಲಿ, ಹಮಾಲಿ, ಚೀಲ ಅಂತ 150 ಕಳೆದರೆ ಹೊಲದ ಬದಿಗೆ 2,390.

ಅಂದರೆ ರೈತನಿಗೆ ಕನಿಷ್ಠ ಅಂತ ಘೋಷಿಸಿದ 2,400 ಫ್ಯಾಕ್ಟರಿಗೆ ಹೆಚ್ಚುಕಡಿಮೆ ಗರಿಷ್ಠ. ಇದನ್ನು ಯಾರೂ ಬಿಡಿಸಿ ಹೇಳ್ತಿಲ್ಲ.

ಎರಡು ಸೂತ್ರ ನೆನಪಿಟ್ಟುಕೊಂಡರೆ ಸಾಕು. ಎಥನಾಲ್ ದರ ಲೀಟರಿಗೆ 1 ರೂಪಾಯಿ ಏರಿಳಿದರೆ ಮೆಕ್ಕೆಜೋಳ ಕೊಳ್ಳುವ ಶಕ್ತಿ ಕ್ವಿಂಟಾಲಿಗೆ 38 ರೂಪಾಯಿ ಏರಿಳಿಯುತ್ತೆ. ಹಿಂಡಿ ಕೆಜಿಗೆ 1 ರೂಪಾಯಿ ಏರಿಳಿದರೆ 30 ರೂಪಾಯಿ. ಹಿಂಡಿ 14ರಿಂದ 10ಕ್ಕೆ ಬಂತು ಅನ್ನಿ, ನಿಮ್ಮ ಕೈಗೆ ಬರುವ ಗರಿಷ್ಠ ರೇಟು ಅಲ್ಲಿಗೇ 120 ಕಡಿಮೆ. ಎಲ್ಲರೂ ಪೆಟ್ರೋಲ್ ಬೆಲೆ ನೋಡ್ತಾರೆ. ನೋಡಬೇಕಾದ್ದು ಹಿಂಡಿಯ ಬೆಲೆ.

ಇನ್ನು 2025ರ ಕುಸಿತ. ದೇಶದ ಮೆಕ್ಕೆಜೋಳ 2023-24ರಲ್ಲಿ ಸುಮಾರು 376 ಲಕ್ಷ ಟನ್ ಇದ್ದದ್ದು 2024-25ರಲ್ಲಿ 434 ಲಕ್ಷ ಟನ್‌ಗೆ ಹೋಯಿತು. ಇತ್ತ ಪೆಟ್ರೋಲಿಗೆ ಶೇ 20 ಎಥನಾಲ್ ಬೆರೆಸುವ ಗುರಿ 2025ರಲ್ಲೇ ಮುಟ್ಟಿಯಾಯಿತು. ಮೂಲ ಗುರಿ 2030 ಇತ್ತು, 2022ರ ತಿದ್ದುಪಡಿಯಲ್ಲಿ 2025-26ಕ್ಕೆ ಹಿಂದಕ್ಕೆ ತಂದಿದ್ದರು. ಶೇ 20 ಮುಟ್ಟಿದ ಮೇಲೆ ಬೇಡಿಕೆ ಪೆಟ್ರೋಲ್ ಮಾರಾಟ ಎಷ್ಟು ಬೆಳೆಯುತ್ತೋ ಅಷ್ಟೇ ಬೆಳೆಯುತ್ತೆ. 2025-26ರ ಎಥನಾಲ್ ವರ್ಷಕ್ಕೆ ಫ್ಯಾಕ್ಟರಿಗಳು ಕೊಡ್ತೀವಿ ಅಂತ ಮುಂದಿಟ್ಟದ್ದು 1,776 ಕೋಟಿ ಲೀಟರ್, ತೈಲ ಕಂಪನಿಗಳು ಹಂಚಿದ್ದು 1,048 ಕೋಟಿ ಲೀಟರ್. ಅದರಲ್ಲಿ ಮೆಕ್ಕೆಜೋಳದ ಪಾಲು ಶೇ 45ರ ಮೇಲೆ, ಎಲ್ಲಕ್ಕಿಂತ ದೊಡ್ಡದು. ಆದರೂ ಕಟ್ಟಿದ ಸಾಮರ್ಥ್ಯದ ದೊಡ್ಡ ಭಾಗಕ್ಕೆ ಆರ್ಡರ್ ಇಲ್ಲ. ಆರ್ಡರ್ ಇಲ್ಲದ ಫ್ಯಾಕ್ಟರಿ ಕಾಳು ಕೊಳ್ಳಲ್ಲ.

ಅಕ್ಕಿಯದ್ದು ಇನ್ನೊಂದು ಹೊಡೆತ. ಭಾರತೀಯ ಆಹಾರ ನಿಗಮದ ಅಕ್ಕಿಯನ್ನು ಎಥನಾಲ್‌ಗೆ ಕ್ವಿಂಟಾಲಿಗೆ 2,800ಕ್ಕೆ ಕೊಡ್ತಿದ್ದರು, 2025ರ ಜನವರಿಯಲ್ಲಿ 2,250ಕ್ಕೆ ಇಳಿಸಿದರು. ಹಂಚಿಕೆ 52 ಲಕ್ಷ ಟನ್. ಒಂದು ಟನ್ ಅಕ್ಕಿಯಿಂದ 460 ಲೀಟರ್ ಹಿಡಿದರೆ ಕಚ್ಚಾಮಾಲು ಲೀಟರಿಗೆ 49 ರೂಪಾಯಿ, ಆಗಿನ ಮಾರಾಟ ದರ 58.50, ಅಂತರ ಒಂಬತ್ತೂವರೆ. ಮೆಕ್ಕೆಜೋಳ 2,400ಕ್ಕೆ ಕೊಂಡರೆ ಕಚ್ಚಾಮಾಲು 63.20, ಅಂತರ 8.70. ಮೆಕ್ಕೆಜೋಳದಲ್ಲಿ ಹಿಂಡಿ ಜಾಸ್ತಿ ಬರುತ್ತೆ ನಿಜ. ಆದರೆ ಅಕ್ಕಿಗೆ ತೇವದ ಜಗಳ ಇಲ್ಲ, ಕಲ್ಲು ಕಸ ಇಲ್ಲ, ಗೋದಾಮಿನಿಂದ ನೇರ ಲಾರಿ. ಇದೇ ಅಕ್ಕಿಯನ್ನು 2023ರ ಜುಲೈನಲ್ಲಿ ದಿಢೀರ್ ನಿಲ್ಲಿಸಿದಾಗ ಫ್ಯಾಕ್ಟರಿಗಳು ಮೆಕ್ಕೆಜೋಳಕ್ಕೆ ಓಡಿ ಬಂದವು, ರೇಟು ಏರಿತು. ಅಕ್ಕಿ ಮತ್ತೆ ಬಿಟ್ಟಾಗ ರೇಟು ಇಳೀತು. ಮೆಕ್ಕೆಜೋಳದ ಬೆಲೆ ನಮ್ಮ ಮಳೆಗಿಂತ ಹೆಚ್ಚಾಗಿ ಈ ಒಂದು ಆದೇಶದ ಮೇಲೆ ನಿಂತಿದೆ.

---

ಹಿಂಡಿಗಾಣ (ಚಳ್ಳಕೆರೆ)

ಬಟ್ಟಿಲೆಕ್ಕ ಅವರು ಹಿಂಡಿ ಹಿಂಡಿ ಅಂದದ್ದು ಸರಿಯಾದ ಜಾಗ. ಇದರ ಇನ್ನೊಂದು ಮಗ್ಗುಲು ಶೇಂಗಾ ಬೆಳೆಯುವವರಿಗೆ ಗೊತ್ತಿರಬೇಕು.

ಶೇಂಗಾ ಗಾಣದ ಆದಾಯ ಎಣ್ಣೆ ಒಂದರಿಂದ ಬರಲ್ಲ, ಹಿಂಡಿಯೂ ಸೇರಿ ಬರುತ್ತೆ. 100 ಕೆಜಿ ಕಾಯಿ ಸುಲಿದರೆ 70 ಕೆಜಿ ಬೀಜ. ಎಕ್ಸ್‌ಪೆಲ್ಲರಿನಲ್ಲಿ ಬೀಜದ ತೂಕದ ಶೇ 42–45 ಎಣ್ಣೆ, ಉಳಿದದ್ದು ಹಿಂಡಿ. ಸುಮಾರು 30 ಕೆಜಿ ಎಣ್ಣೆಗೆ 38 ಕೆಜಿ ಹಿಂಡಿ ಅನ್ನಿ. ಎಥನಾಲ್ ಫ್ಯಾಕ್ಟರಿಗಳಿಂದ ಡಿಡಿಜಿಎಸ್ ರಾಶಿ ರಾಶಿ ಬರೋಕೆ ಶುರುವಾದ ಮೇಲೆ ಪಶು ಆಹಾರದವರು ಸೋಯಾ ಹಿಂಡಿ, ಶೇಂಗಾ ಹಿಂಡಿ, ಹತ್ತಿಕಾಳು ಹಿಂಡಿ ಕಡಿಮೆ ಮಾಡಿ ಅದನ್ನು ಬೆರೆಸ್ತಿದ್ದಾರೆ. ಹಿಂಡಿಯ ರೇಟು ಬಿದ್ದರೆ ಗಾಣದವನು ಕಾಯಿಗೆ ಕೊಡುವ ರೇಟೂ ಇಳಿಯಲೇಬೇಕು. ಹಿಂಡಿ ಕೆಜಿಗೆ 5 ರೂಪಾಯಿ ಇಳಿದರೆ ಕಾಯಿಯ ಕ್ವಿಂಟಾಲಿಗೆ 190 ಹೋಯಿತು.

ಅಂದರೆ ಮೆಕ್ಕೆಜೋಳಕ್ಕೆ ಕೊಟ್ಟ ಪ್ರೋತ್ಸಾಹ ಸುತ್ತಿ ಬಂದು ಎಣ್ಣೆಕಾಳಿನವನ ಜೇಬು ಕತ್ತರಿಸ್ತಿದೆ. ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ತರಿಸ್ತೀವಿ. ಒಂದು ಎಕರೆ ಮಳೆಯಾಶ್ರಿತ ಮೆಕ್ಕೆಜೋಳ 15 ಕ್ವಿಂಟಾಲ್ ಬಂದರೆ 570 ಲೀಟರ್ ಎಥನಾಲ್. ಅದರ ಶಾಖಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಡಿಮೆ, ಆದ್ದರಿಂದ ಉಳಿಯೋದು 380 ಲೀಟರ್ ಪೆಟ್ರೋಲಿನಷ್ಟು. ಅದೇ ಎಕರೆಯಲ್ಲಿ 5 ಕ್ವಿಂಟಾಲ್ ಶೇಂಗಾ ಬಂದಿದ್ದರೆ 150 ಕೆಜಿ ಎಣ್ಣೆ. ಕಚ್ಚಾ ತೈಲ ಉಳಿಸಿ ತಾಳೆ ಎಣ್ಣೆ ತರಿಸಿದರೆ ದೇಶಕ್ಕೆ ಎಷ್ಟು ಉಳೀತು ಅನ್ನೋದನ್ನು ಇಡೀ ಲೆಕ್ಕ ಹಾಕಿ ಹೇಳಬೇಕು. ಎಥನಾಲ್ ಜಾಹೀರಾತಿನಲ್ಲಿ ಅರ್ಧ ಲೆಕ್ಕವೇ ಇರುತ್ತೆ.

ರೈತನ ಲೆಕ್ಕ: 2025-26ರ ಬೆಂಬಲ ಬೆಲೆ ಶೇಂಗಾಕ್ಕೆ 7,263, 5 ಕ್ವಿಂಟಾಲಿಗೆ 36,315. ಮೆಕ್ಕೆಜೋಳ 15 ಕ್ವಿಂಟಾಲ್ 2,400ರಂತೆ 36,000, 1,800ರಂತೆ 27,000. ಶೇಂಗಾದಲ್ಲಿ ಬಿತ್ತನೆ ಬೀಜದ ಖರ್ಚು ಮತ್ತು ಕೀಳುವ, ಬಿಡಿಸುವ ಕೂಲಿ ಜಾಸ್ತಿ, ಅದನ್ನು ಒಪ್ತೀನಿ. ಜನ ಮೆಕ್ಕೆಜೋಳಕ್ಕೆ ಹೋಗ್ತಿರೋದು ರೇಟಿಗಿಂತ ಹೆಚ್ಚಾಗಿ ಕೂಲಿ ಆಳು ಸಿಗದೆ.

---

ಮಣ್ಣುಪರೀಕ್ಷೆ (ಹೊಳಲ್ಕೆರೆ)

ಕೆಂಪುಮಸಾರಿ ಅಣ್ಣ, ನಿಮ್ಮ ಮೂರನೇ ಪ್ರಶ್ನೆಗೆ ಬರ್ತೀನಿ. 8 ಎಕರೆಗೂ ಮೆಕ್ಕೆಜೋಳ ಹಾಕಬೇಡಿ. ಕಾರಣ ಭಾವನೆಯದ್ದಲ್ಲ.

ಮೆಕ್ಕೆಜೋಳ ಗೊಬ್ಬರ ತಿನ್ನುವ ಬೆಳೆ. 20 ಕ್ವಿಂಟಾಲ್ ಕಾಳು ಮತ್ತು ಅದರ ಸಪ್ಪೆ (ಒಣ ದಂಟು) ಎರಡೂ ಹೊಲದಿಂದ ಹೊರಗೆ ಹೋದರೆ ಎಕರೆಗೆ ಸುಮಾರು 45–50 ಕೆಜಿ ಸಾರಜನಕ, 18–20 ಕೆಜಿ ರಂಜಕ, 40 ಕೆಜಿ ಪೊಟ್ಯಾಷ್ ಹೋಗುತ್ತೆ. ಪೊಟ್ಯಾಷಿನ ಮುಕ್ಕಾಲು ಭಾಗ ಇರೋದು ಸಪ್ಪೆಯಲ್ಲಿ. ಮಳೆಯಾಶ್ರಿತಕ್ಕೆ ಶಿಫಾರಸು ಇದೇ ಕ್ರಮದಲ್ಲಿ ಎಕರೆಗೆ 40:20:10 ಕೆಜಿ. ಅಂದರೆ ಡಿಎಪಿ ಒಂದು ಚೀಲ, ಯೂರಿಯಾ ಒಂದೂವರೆ ಚೀಲ, ಪೊಟ್ಯಾಷ್ 17 ಕೆಜಿ, ಜೊತೆಗೆ ಸತುವಿನ ಸಲ್ಫೇಟ್ 4 ಕೆಜಿ. ಹೆಚ್ಚಿನವರು ಡಿಎಪಿ, ಯೂರಿಯಾ ಹಾಕಿ ಪೊಟ್ಯಾಷ್ ಬಿಡ್ತಾರೆ. ಹಾಗೆ ಬಿಟ್ಟರೆ ಕೆಲವು ವರ್ಷಕ್ಕೆ ಕೆಳಗಿನ ಎಲೆಗಳ ಅಂಚು ಒಣಗಿದಂತಾಗುತ್ತೆ, ದಂಟು ಮುರಿದು ಬೀಳುತ್ತೆ, ತೆನೆಯ ತುದಿ ತುಂಬಲ್ಲ. ಬೀಜದ ಕಂಪನಿ ಬದಲಾಯಿಸಿದರೆ ಇದು ಸರಿಹೋಗಲ್ಲ.

ಯೂರಿಯಾದ ಮೊದಲ ಭಾಗ ಬಿತ್ತನೆಗೆ, ಎರಡನೆಯದು 30ನೇ ದಿನದ ಹೊತ್ತಿಗೆ ಮಣ್ಣು ಹಸಿಯಿದ್ದಾಗ, ಎಡೆ ಹೊಡೆಯುವ ಮುಂಚೆ. ಮಣ್ಣಲ್ಲಿ ಬೆರೆಸದೆ ಮೇಲೆ ಎರಚಿ ಬಿಟ್ಟ ಯೂರಿಯಾದಲ್ಲಿ ಒಳ್ಳೇ ಪಾಲು ಗಾಳಿಗೆ ಹೋಗುತ್ತೆ. 2025ರ ಮುಂಗಾರಿನಲ್ಲಿ ಯೂರಿಯಾಕ್ಕೆ ಸಾಲು ನಿಂತರಲ್ಲ, ಮೆಕ್ಕೆಜೋಳದ ಕ್ಷೇತ್ರ ಹಿಗ್ಗಿದ್ದೂ ಅದಕ್ಕೊಂದು ಕಾರಣ. ಶೇಂಗಾ, ತೊಗರಿ ತಮ್ಮ ಸಾರಜನಕವನ್ನು ಬಹುಪಾಲು ಬೇರಿನ ಗಂಟುಗಳಲ್ಲೇ ಮಾಡಿಕೊಳ್ತವೆ. ಆ ಹೊಲಗಳಿಗೂ ಮೆಕ್ಕೆಜೋಳ ಬಂದರೆ ಇಡೀ ತಾಲ್ಲೂಕಿನ ಯೂರಿಯಾ ಬೇಡಿಕೆ ಏರುತ್ತೆ.

ಮಳೆಯ ವಿಷಯ ಇದಕ್ಕಿಂತ ಮುಖ್ಯ. ಮೆಕ್ಕೆಜೋಳ 50ರಿಂದ 65ನೇ ದಿನದವರೆಗೆ, ಸೂಲಂಗಿ ಮತ್ತು ರೇಷ್ಮೆ ಎಳೆ ಬರುವ ಹೊತ್ತಿನಲ್ಲಿ, ಎರಡು ವಾರ ಬಾಡಿದರೆ ಕಾಳು ಕಟ್ಟಲ್ಲ. ಆಮೇಲೆ ಎಷ್ಟೇ ಮಳೆ ಬಂದರೂ ಹೋದ ಕಾಳು ವಾಪಸ್ ಬರಲ್ಲ. ಶೇಂಗಾ ಹೂ ಬಿಡೋದು ಹಲವು ವಾರ ನಡೆಯುತ್ತೆ, ಹಾಗಾಗಿ ಒಂದು ಒಣ ಹವೆ ತಪ್ಪಿಸಿಕೊಂಡು ನಿಲ್ಲುತ್ತೆ. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಭಾಗದ ಮಳೆಗೆ ಇದು ದೊಡ್ಡ ವ್ಯತ್ಯಾಸ. ಹೊನ್ನಾಳಿ, ಚನ್ನಗಿರಿಯಲ್ಲಿ ನಡೆಯುವ ಲೆಕ್ಕ ಇಲ್ಲಿ ನಡೆಯಲ್ಲ.

ಹುಳು ಬೇರೆ. ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಕಂಡದ್ದೇ ಕರ್ನಾಟಕದಲ್ಲಿ, 2018ರಲ್ಲಿ, ಪಕ್ಕದ ಶಿವಮೊಗ್ಗದ ಕಡೆ. ವರ್ಷಾನುವರ್ಷ ಮೆಕ್ಕೆಜೋಳ, ಮೇಲೆ ಬೇಸಿಗೆಗೂ ಬೋರ್‌ವೆಲ್‌ನಲ್ಲಿ ಮೆಕ್ಕೆಜೋಳ ಇದ್ದರೆ ಹುಳುವಿಗೆ ಊಟ ತಪ್ಪಲ್ಲ. ಎಲೆ ಮೇಲೆ ಕಿಟಕಿಯಂಥ ಬಿಳಿ ಗುರುತು ಕಂಡಾಗಲೇ, ಅಂದರೆ ಹುಳು ಚಿಕ್ಕದಿದ್ದಾಗ, ಎಮಾಮೆಕ್ಟಿನ್ ಬೆಂಜೋಯೇಟ್ 5 ಎಸ್‌ಜಿ ಲೀಟರಿಗೆ 0.4 ಗ್ರಾಂ, ಅಥವಾ ಸ್ಪೈನೆಟೋರಮ್ 11.7 ಎಸ್‌ಸಿ 0.5 ಮಿಲಿ, ನೇರ ಸುಳಿಯೊಳಗೆ ಬೀಳುವಂತೆ ಸಂಜೆ ಹೊಡೆಯಬೇಕು. ಹುಳು ಸುಳಿಯಲ್ಲಿ ಇಳಿದು ಹಿಕ್ಕೆಯಿಂದ ಬಾಯಿ ಮುಚ್ಚಿಕೊಂಡ ಮೇಲೆ ಹೊಡೆದ ಔಷಧ ಅದಕ್ಕೆ ತಾಗೋದೇ ಇಲ್ಲ. ಎರಡನೇ ಸಲ ಹೊಡೆಯೋದಾದರೆ ಔಷಧ ಬದಲಿಸಿ.

ನನ್ನ ಸಲಹೆ: 4 ಎಕರೆ ಮೆಕ್ಕೆಜೋಳದ ಒಳಗೇ 6 ಸಾಲಿಗೆ 1 ಸಾಲು ತೊಗರಿ. ಮೆಕ್ಕೆಜೋಳ ಕಿತ್ತ ಮೇಲೆ ತೊಗರಿಗೆ ಬಿಸಿಲು, ಜಾಗ ಎರಡೂ ಸಿಗುತ್ತೆ, ಹಿಂಗಾರು ಮಳೆ ಹಿಡಿಯುತ್ತೆ. ತೊಗರಿಯ ಬೆಂಬಲ ಬೆಲೆ 2025-26ರಲ್ಲಿ 8,000 ಇತ್ತು, ಎಕರೆಗೆ ಒಂದೂವರೆ ಕ್ವಿಂಟಾಲ್ ಬಂದರೂ ಅದು ದೊಡ್ಡ ಆಸರೆ. ಉಳಿದ 4 ಎಕರೆಗೆ ಶೇಂಗಾ, ಮರುವರ್ಷ ಅದಲುಬದಲು. ಈ ಸಾಲು ಪದ್ಧತಿ ನೋಡಬೇಕಾದರೆ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ. ಚಿತ್ರದುರ್ಗದ ಕಡೆಯವರಿಗೆ ಹಿರಿಯೂರಿನ ಬಬ್ಬೂರು ಫಾರ್ಮ್‌ನ ಕೃಷಿ ಸಂಶೋಧನಾ ಕೇಂದ್ರ ಹತ್ತಿರ.

ಒಂದು ಎಚ್ಚರಿಕೆ: ಮೆಕ್ಕೆಜೋಳಕ್ಕೆ ಅಟ್ರಾಜಿನ್ ಕಳೆನಾಶಕ ಹೊಡೆಯುವ ಅಭ್ಯಾಸ ಇದ್ದರೆ ತೊಗರಿ ಸಾಲು ಸುಟ್ಟುಹೋಗುತ್ತೆ. ಮಿಶ್ರ ಬೆಳೆಯಲ್ಲಿ ಪೆಂಡಿಮೆಥಾಲಿನ್ ಬಳಸಿ, ಬಿತ್ತಿದ ಒಂದೆರಡು ದಿನದೊಳಗೆ, ಹಸಿ ಮಣ್ಣಿನ ಮೇಲೆ.

---

ಕೆಂಪುಮಸಾರಿ (ಜಗಳೂರು)

ಮೂವರಿಗೂ ಧನ್ಯವಾದ. ಅಟ್ರಾಜಿನ್ ವಿಷಯ ನಮ್ಮ ಕಡೆ ಯಾರೂ ಹೇಳಿರಲಿಲ್ಲ. ತೇವಾಂಶದ ಕಡಿತದ ಬಗ್ಗೆ ಯಾರಾದರೂ ಬಿಡಿಸಿ ಹೇಳಿ. ಶೇ 18 ಬಂದರೆ ಎಷ್ಟು ಹಿಡಿಯೋದು ನ್ಯಾಯ?

---

ಕೋಳಿಮೇವು (ಹರಿಹರ)

ಇದಕ್ಕೆ ನಾನು ಹೇಳ್ತೀನಿ. ಒಣ ತೂಕದ ಲೆಕ್ಕ ಹಾಕಿ. ಶೇ 18 ತೇವದ 100 ಕೆಜಿಯಲ್ಲಿ ಒಣ ಪದಾರ್ಥ 82 ಕೆಜಿ. ಇದನ್ನು ಶೇ 14ಕ್ಕೆ ಒಣಗಿಸಿದರೆ 82 ಭಾಗಿಸು 0.86, ಅಂದರೆ 95.35 ಕೆಜಿ. ನ್ಯಾಯವಾಗಿ ಹೋಗಬೇಕಾದ್ದು ಕ್ವಿಂಟಾಲಿಗೆ 4.65 ಕೆಜಿ. ಶೇ 16ಕ್ಕೆ 2.3 ಕೆಜಿ, ಶೇ 20ಕ್ಕೆ 7 ಕೆಜಿ. ಇದರ ಮೇಲೆ ಒಣಗಿಸುವ ಖರ್ಚು ಅಂತ ಸ್ವಲ್ಪ ಕೇಳಿದರೆ ಅದೂ ಸರಿ. ಆದರೆ ತೂಕದಲ್ಲೂ ಹಿಡಿದು ಅದೇ ತೇವಕ್ಕೆ ರೇಟಿನಲ್ಲೂ 200 ಇಳಿಸಿದರೆ ಒಂದೇ ನೀರಿಗೆ ಎರಡು ಸಲ ಹಿಡಿದಂತೆ. ಕಾಟಾ ಹಾಕುವ ಮುಂಚೆಯೇ ಒಂದು ಮಾತು ಕೇಳಿ: ಕಡಿತ ತೂಕದಲ್ಲೋ ರೇಟಿನಲ್ಲೋ?

ಮೀಟರ್ ಇಲ್ಲದವರು ಮನೆಯಲ್ಲೇ ನೋಡಬಹುದು. ಚೆನ್ನಾಗಿ ಒಣಗಿದ ಗಾಜಿನ ಬಾಟಲಿಗೆ ಎರಡು ಚಮಚ ಒಣ ಪುಡಿ ಉಪ್ಪು, ಬಾಟಲಿಯ ಮೂರನೇ ಒಂದು ಭಾಗ ಕಾಳು. ಮುಚ್ಚಳ ಹಾಕಿ ಒಂದು ನಿಮಿಷ ಅಲ್ಲಾಡಿಸಿ, 15 ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವ ಶೇ 15ಕ್ಕಿಂತ ಮೇಲಿದೆ. ಅಂಟದಿದ್ದರೆ ಚೀಲ ತುಂಬಬಹುದು. ಉಪ್ಪು ಮಳೆಗಾಲದ ಹಸಿ ಉಪ್ಪಾಗಿದ್ದರೆ ಲೆಕ್ಕ ತಪ್ಪುತ್ತೆ, ಬಾಣಲೆಯಲ್ಲಿ ಹುರಿದು ಆರಿಸಿ ಬಳಸಿ.

ಒಣಗಿಸುವಾಗ ಟಾರ್ಪಾಲಿನ ಮೇಲೆ ಎರಡು ಇಂಚಿಗಿಂತ ದಪ್ಪ ಹರಡಬೇಡಿ, ಗಂಟೆಗೊಮ್ಮೆ ಕೈಯಾಡಿಸಿ, ಸಂಜೆ ಗುಡ್ಡೆ ಮಾಡಿ ಮುಚ್ಚಿ. ಬಿಸಿ ಕಾಳನ್ನು ಹಾಗೇ ಚೀಲಕ್ಕೆ ತುಂಬಿದರೆ ರಾತ್ರಿ ಬೆವರುತ್ತೆ, ಚೀಲದ ಒಳಗೇ ಬೂಷ್ಟು ಹಿಡಿಯುತ್ತೆ.

ಬೂಷ್ಟಿನ ಬಗ್ಗೆ ನಾನು ಒತ್ತಿ ಹೇಳೋದಕ್ಕೆ ಕಾರಣ ಇದೆ. ಹಸಿ ಕಾಳಿನಲ್ಲಿ ಬೆಳೆಯುವ ಶಿಲೀಂಧ್ರ ಅಫ್ಲಾಟಾಕ್ಸಿನ್ ಅನ್ನುವ ವಿಷ ಬಿಡುತ್ತೆ. ಫ್ಯಾಕ್ಟರಿಯ ಯಾವ ಕಾಯಿಸುವಿಕೆಗೂ ಅದು ಪೂರ್ತಿ ಹೋಗಲ್ಲ. ಪಿಷ್ಟವೆಲ್ಲ ಎಥನಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಹೊರಟುಹೋಗುತ್ತಲ್ಲ, ವಿಷ ಮಾತ್ರ ಹಿಂಡಿಯಲ್ಲಿ ಉಳಿದು ಮೂರು ಪಟ್ಟು ಗಾಢ ಆಗುತ್ತೆ. ಪಶು ಆಹಾರದಲ್ಲಿ ಮಿತಿ 20 ಪಿಪಿಬಿ, ಅಂದರೆ ನೂರು ಕೋಟಿ ಭಾಗದಲ್ಲಿ 20 ಭಾಗ. ಕಾಳಿನಲ್ಲಿ 10 ಇದ್ದರೆ ಹಿಂಡಿಯಲ್ಲಿ 30. ಅಂಥ ಹಿಂಡಿ ತಿಂದ ಕೋಳಿಯ ಪಿತ್ತಜನಕಾಂಗ ಹಾಳಾಗುತ್ತೆ, ಮೊಟ್ಟೆ ಇಳಿಯುತ್ತೆ. ಹಸು ತಿಂದರೆ ವಿಷದ ಒಂದು ಭಾಗ ಹಾಲಿಗೆ ಬರುತ್ತೆ, ಅದನ್ನು ಮಕ್ಕಳು ಕುಡೀತಾರೆ. ರಸ್ತೆ ಮೇಲೆ ಮಳೆಗೆ ನೆಂದ ಕಾಳನ್ನು ಎಥನಾಲ್‌ಗೆ ತಾನೆ ಅಂತ ತುಂಬಿ ಕಳಿಸುವವರು ಇದನ್ನು ತಿಳಿದಿರಬೇಕು.

ಹಿಂಡಿ ಕೊಂಡು ಹಸುಗಳಿಗೆ ಹಾಕುವ ಯೋಚನೆ ಇದ್ದವರಿಗೆ: ಬಣ್ಣ ಬಂಗಾರದ ಹಳದಿ ಇರಬೇಕು. ಕಪ್ಪಗಿದ್ದು ಸುಟ್ಟ ವಾಸನೆ ಬಂದರೆ ಡ್ರೈಯರಿನಲ್ಲಿ ಅತಿಯಾಗಿ ಕಾದಿದೆ, ಲೈಸಿನ್ (ಪ್ರೋಟೀನಿನ ಒಂದು ಮುಖ್ಯ ಅಂಶ) ಕೆಟ್ಟಿರುತ್ತೆ. ಮೆಕ್ಕೆಜೋಳದ ಹಿಂಡಿಯಲ್ಲಿ ಪ್ರೋಟೀನ್ ಶೇ 26–30 ಇರುತ್ತೆ. ಅದಕ್ಕಿಂತ ಬಹಳ ಜಾಸ್ತಿ ತೋರಿಸಿದರೆ ಯೂರಿಯಾ ಬೆರೆಸಿದ್ದಾರಾ ಅಂತ ಲ್ಯಾಬಿನಲ್ಲಿ ನೋಡಿಸಿ. ಕರೆಯುವ ಹಸುವಿಗೆ ದಿನಕ್ಕೆ ಒಂದೂವರೆ ಕೆಜಿ ದಾಟಿಸಬೇಡಿ, ಮೊದಲ ವಾರ ಅರ್ಧ ಕೆಜಿಯಿಂದ ಶುರು ಮಾಡಿ. ಬ್ರಾಯ್ಲರ್ ಕೋಳಿಗೆ ಮೇವಿನ ಶೇ 5–10 ಸಾಕು. ಒಣಗಿಸದ ಹಸಿ ಹಿಂಡಿ ಅಗ್ಗಕ್ಕೆ ಸಿಗುತ್ತೆ. ಅದರಲ್ಲಿ ನೀರೇ ಶೇ 65–70, ಎರಡು ಮೂರು ದಿನದಲ್ಲಿ ಹುಳಿಯುತ್ತೆ. ಹಾಗಾಗಿ ಫ್ಯಾಕ್ಟರಿಯ ಹತ್ತಿರದವರಿಗೆ ಬಿಟ್ಟು ಬೇರೆಯವರಿಗೆ ಆಗಿಬರಲ್ಲ.

ಕೋಳಿ ಮೇವಿನಲ್ಲಿ ಶೇ 55–65 ಮೆಕ್ಕೆಜೋಳವೇ. ಎಥನಾಲ್ ಬರುವ ಮುಂಚೆ ನಿಮ್ಮ ದೊಡ್ಡ ಗಿರಾಕಿ ಕೋಳಿಯವರೇ, ಈಗಲೂ ಅವರು ಇದ್ದಾರೆ. 2024ರಲ್ಲಿ ರೇಟು ಏರಿದಾಗ ಕೇಂದ್ರ 4.98 ಲಕ್ಷ ಟನ್ ಮೆಕ್ಕೆಜೋಳವನ್ನು ಶೇ 15ರ ಸುಂಕದಲ್ಲಿ ತರಿಸೋಕೆ ಒಪ್ಪಿಗೆ ಕೊಟ್ಟಿತು. ಆದ್ದರಿಂದ ರೇಟು ಮಿತಿ ಮೀರಿ ಏರಿದರೆ ಬಂದರಿನ ಬಾಗಿಲು ತೆಗೆಯುತ್ತೆ ಅನ್ನೋದನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಿ.

---

ಬದುವಿನಹೊಂಗೆ (ಹೊಸದುರ್ಗ)

ಚರ್ಚೆ ಪೂರ್ತಿ ಕಾಳಿನ ಮೇಲೇ ನಿಂತಿದೆ. ಬದುವಿನ ಮೇಲೆ ಹೊಂಗೆ ಇದ್ದರೆ ಊಟದ ಬೆಳೆಗೆ ಕೈ ಹಾಕದೆ ಇಂಧನ ಸಿಗುತ್ತೆ. ಕರ್ನಾಟಕ 2009ರಲ್ಲೇ ಜೈವಿಕ ಇಂಧನ ನೀತಿ ಮಾಡಿತ್ತು, ಹಾಸನದ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನ ಇದೆ.

ಲೆಕ್ಕ ಸರಳ: 4 ಕೆಜಿ ಬೀಜಕ್ಕೆ ಸುಮಾರು 1 ಲೀಟರ್ ಎಣ್ಣೆ, 3 ಕೆಜಿ ಹಿಂಡಿ. 100 ಲೀಟರ್ ಎಣ್ಣೆಗೆ 20 ಲೀಟರ್ ಮೆಥನಾಲ್ ಮತ್ತು ಕ್ಷಾರ ಹಾಕಿ 60 ಡಿಗ್ರಿಯಲ್ಲಿ ಕಲಕಿದರೆ ಬಯೋಡೀಸೆಲ್, ಕೆಳಗೆ ಗ್ಲಿಸರಿನ್. ಕೆಡೋದು ಇಲ್ಲಿ: ಬೀಜ ಹಳತಾದರೆ ಎಣ್ಣೆಯಲ್ಲಿ ಬಿಡಿ ಕೊಬ್ಬಿನ ಆಮ್ಲ ಏರುತ್ತೆ. ಅದು ಶೇ 2 ದಾಟಿದ ಎಣ್ಣೆಗೆ ನೇರ ಕ್ಷಾರ ಹಾಕಿದರೆ ಡೀಸೆಲ್ ಬದಲು ಸೋಪು ಆಗುತ್ತೆ. ಮೊದಲು ಸಲ್ಫ್ಯೂರಿಕ್ ಆಮ್ಲದ ಹಂತ ಮಾಡಿ ಆಮ್ಲ ಇಳಿಸಿಕೊಳ್ಳಬೇಕು.

ಆದರೆ ಸುಳ್ಳು ಹೇಳಬಾರದು, ಇದು ಮೆಕ್ಕೆಜೋಳಕ್ಕೆ ಬದಲಿ ಅಲ್ಲ. ಮರ ಕಾಯಿ ಬಿಡೋಕೆ ಐದಾರು ವರ್ಷ, ಆರಿಸುವ ಕೂಲಿ ದುಬಾರಿ. ಬೀಜ ಮಾರಿ, ಹಿಂಡಿಯನ್ನು ವಾಪಸ್ ಹೊಲಕ್ಕೆ ತನ್ನಿ. ಅದರಲ್ಲಿ ಸಾರಜನಕ ಶೇ 4ರಷ್ಟಿದೆ, ಗೊಣ್ಣೆಹುಳು ಸಹ ಕಡಿಮೆ ಆಗುತ್ತೆ.

---

ಬಟ್ಟಿಲೆಕ್ಕ (ದಾವಣಗೆರೆ)

ಇನ್ನು ಮೂರು ವಿಷಯ ಸೇರಿಸ್ತೀನಿ.

ನೀರು. ದಿನಕ್ಕೆ 100 ಕಿಲೋಲೀಟರ್ ಎಥನಾಲ್ ಮಾಡುವ ಫ್ಯಾಕ್ಟರಿಗೆ ದಿನಕ್ಕೆ 263 ಟನ್ ಕಾಳು, ವರ್ಷಕ್ಕೆ 330 ದಿನ ನಡೆದರೆ ಸುಮಾರು 87,000 ಟನ್. ಎಕರೆಗೆ 20 ಕ್ವಿಂಟಾಲ್ ಅಂದರೂ 43,000 ಎಕರೆಗಿಂತ ಹೆಚ್ಚಿನ ಫಸಲು. ಮರುಬಳಕೆ ಚೆನ್ನಾಗಿದ್ದರೂ ಲೀಟರ್ ಎಥನಾಲ್‌ಗೆ ಹೊಸ ನೀರು 4 ಲೀಟರ್ ಹಿಡಿದರೆ ದಿನಕ್ಕೆ 4 ಲಕ್ಷ ಲೀಟರ್. ತುಂಗಭದ್ರೆಯ ದಂಡೆಯ ಹರಿಹರದಲ್ಲಿ ಇದು ನಡೆಯುತ್ತೆ. ಬೋರ್‌ವೆಲ್ ನಂಬಿದ ಕಡೆ ಫ್ಯಾಕ್ಟರಿ ಬರುತ್ತೆ ಅಂದರೆ ನೀರು ಎಲ್ಲಿಂದ ಅಂತ ಗ್ರಾಮಸಭೆಯಲ್ಲಿ ಕೇಳಿ. ಇದಕ್ಕಿಂತ ದೊಡ್ಡದು ಹೊಲದ ನೀರು. 500 ಮಿಮೀ ನೀರು ಕುಡಿದು ಎಕರೆಗೆ 20 ಕ್ವಿಂಟಾಲ್ ಕೊಟ್ಟರೆ ಒಂದು ಲೀಟರ್ ಎಥನಾಲ್ ಹಿಂದೆ 2,600 ಲೀಟರ್ ನೀರು ಇದೆ. ಮುಂಗಾರಿನಲ್ಲಿ ಅದು ಆಕಾಶದ ನೀರು, ಚಿಂತೆ ಇಲ್ಲ. ಬೇಸಿಗೆ ಮೆಕ್ಕೆಜೋಳಕ್ಕೆ ಬೋರ್ ನೀರು ಹಾಯಿಸಿ ಎಥನಾಲ್‌ಗೆ ಮಾರೋದನ್ನು ನಾನು ಖಂಡಿತ ಬೇಡ ಅಂತೀನಿ.

ಸಪ್ಪೆ ಮತ್ತು ಬೆಂಡಿನಿಂದ (ಕಾಳು ಬಿಡಿಸಿದ ತೆನೆಯ ದಿಂಡು) ಮಾಡುವ ಎರಡನೇ ತಲೆಮಾರಿನ ಎಥನಾಲ್ ಬಗ್ಗೆ ಕೆಲವರು ಕೇಳ್ತಾರೆ. ಹರಿಹರದ ಹನಗವಾಡಿಯಲ್ಲಿ ಮಂಗಳೂರಿನ ತೈಲ ಶುದ್ಧೀಕರಣ ಕಂಪನಿ ಎಂಆರ್‌ಪಿಎಲ್ ದಿನಕ್ಕೆ 60 ಕಿಲೋಲೀಟರಿನ ಯೋಜನೆ ಹಾಕಿದ್ದು ಇದಕ್ಕೇ. ಭತ್ತದ ಹುಲ್ಲಿನಿಂದ ಮಾಡುವ ಪಾಣಿಪತ್‌ನ ಘಟಕ 2022ರ ಆಗಸ್ಟ್‌ನಲ್ಲಿ ಉದ್ಘಾಟನೆ ಆಯಿತು. ಬೆಂಡು ಕೊಡಬಹುದು, ಅದು ಕಣದಲ್ಲೇ ಒಂದು ಕಡೆ ಬಿದ್ದಿರುತ್ತೆ, ಹೊಲಕ್ಕೆ ಅದರ ನಷ್ಟ ಕಡಿಮೆ. ಸಪ್ಪೆ ಕೊಡುವ ಮುಂಚೆ ಮೇಲೆ ಹೇಳಿದ ಪೊಟ್ಯಾಷ್ ಬೆಲೆ ಮತ್ತು ದನದ ಮೇವಿನ ಬೆಲೆ ಎರಡನ್ನೂ ಕೂಡಿಸಿ ನೋಡಿ.

ಮಾರಾಟ. ತೈಲ ಕಂಪನಿಗಳ ಹಂಚಿಕೆ ನವೆಂಬರಿನಿಂದ ಅಕ್ಟೋಬರಿನ ವರ್ಷಕ್ಕೆ, ಅದೂ ಮೂರು ಮೂರು ತಿಂಗಳ ಕಂತಿನಲ್ಲಿ. ನಮ್ಮ ಫಸಲು ಕಣಕ್ಕೆ ಬರೋದೂ ಅಕ್ಟೋಬರ್–ನವೆಂಬರಿನಲ್ಲೇ, ಎಲ್ಲರದ್ದೂ ಒಟ್ಟಿಗೆ, ಹಸಿಯಾಗಿ. ಒಣಗಿಸಿದ ಮಾಲನ್ನು ನೋಂದಾಯಿತ ಗೋದಾಮಿನಲ್ಲಿ ಇಟ್ಟು ರಸೀದಿ ಮೇಲೆ ಸಾಲ ಪಡೆಯಬಹುದು. ಕಿಸಾನ್ ಕ್ರೆಡಿಟ್ ಕಾರ್ಡ್ ಇರುವ ಸಣ್ಣ ರೈತರಿಗೆ ಆರು ತಿಂಗಳವರೆಗೆ ರಿಯಾಯಿತಿ ಬಡ್ಡಿ ಇದೆ. ಎಪಿಎಂಸಿಯ ಅಡಮಾನ ಸಾಲವನ್ನೂ ಕೇಳಿ. ಇಟ್ಟುಕೊಳ್ಳಲು ತಿಂಗಳಿಗೆ ಬಾಡಿಗೆ, ಬಡ್ಡಿ, ಹುಳು ತಿಂದ ನಷ್ಟ ಸೇರಿ ಕ್ವಿಂಟಾಲಿಗೆ 30 ಖರ್ಚು ಬಂದರೆ ಮೂರು ತಿಂಗಳಿಗೆ 90. ರೇಟು ಅದಕ್ಕಿಂತ ಏರುವ ಸೂಚನೆ ಇದ್ದರೆ ಮಾತ್ರ ಇಡಿ. ಸೂಚನೆ ಅಂದರೆ ಮೂರು: ಅಕ್ಕಿ ಹಂಚಿಕೆಯ ಆದೇಶ, ಹೊಸ ಎಥನಾಲ್ ದರ, ಡಿಡಿಜಿಎಸ್ ರೇಟು.

ಫ್ಯಾಕ್ಟರಿ ಜೊತೆ ನೇರ ಒಪ್ಪಂದಕ್ಕೆ ಒಬ್ಬರೇ ಹೋಗಬೇಡಿ, ರೈತ ಉತ್ಪಾದಕ ಕಂಪನಿಯ ಮೂಲಕ ಹೋಗಿ. 16 ಟನ್ ಲಾರಿ ಒಂದೇ ಊರಲ್ಲಿ ತುಂಬಿದರೆ ಬಾಡಿಗೆಯಲ್ಲೇ ಉಳಿತಾಯ. ಕಾಗದದಲ್ಲಿ ಇರಬೇಕಾದ್ದು: ತೇವಾಂಶದ ಕಡಿತದ ಸೂತ್ರ, ಮುರುಕು ಮತ್ತು ಬೂಷ್ಟಿನ ಮಿತಿ, ಮಾದರಿಯನ್ನು ಇಬ್ಬರ ಎದುರೇ ತೆಗೆಯೋದು, ಹಣ ಎಷ್ಟು ದಿನದೊಳಗೆ, ಮತ್ತು ಗೇಟಿನಿಂದ ಲಾರಿ ವಾಪಸ್ ಕಳಿಸಿದರೆ ಬಾಡಿಗೆ ಯಾರದ್ದು. ಈ ಕೊನೆಯದನ್ನು ಬರೆಸದವರೇ ಹೆಚ್ಚು. ರೇಟು ಇಳಿದ ವಾರದಲ್ಲಿ ಗುಣಮಟ್ಟದ ಹೆಸರಲ್ಲಿ ಲಾರಿ ವಾಪಸ್ ಬರೋದೂ ಜಾಸ್ತಿ ಆಗುತ್ತೆ.

---

ಕೆಂಪುಮಸಾರಿ (ಜಗಳೂರು)

4 ಎಕರೆ ಮೆಕ್ಕೆಜೋಳ ಜೊತೆಗೆ 6:1 ತೊಗರಿ, 4 ಎಕರೆ ಶೇಂಗಾ ಅಂತ ಇಟ್ಟುಕೊಳ್ತೀನಿ. ಪೆಂಡಿಮೆಥಾಲಿನ್ ಎಕರೆಗೆ ಎಷ್ಟು?

---

ಮಣ್ಣುಪರೀಕ್ಷೆ (ಹೊಳಲ್ಕೆರೆ)

ಶೇ 30ರ ದ್ರಾವಣ ಎಕರೆಗೆ ಒಂದರಿಂದ ಒಂದೂಕಾಲು ಲೀಟರ್, ನೀರು ಕನಿಷ್ಠ 200 ಲೀಟರ್. ಡಬ್ಬಿಯ ಮೇಲಿನ ಶೇಕಡಾ ಓದಿ, 38.7ರದ್ದಾದರೆ ಪ್ರಮಾಣ ಬೇರೆ, ಅದಕ್ಕೆ 600–700 ಮಿಲಿ ಸಾಕು. ಹಿಂದಕ್ಕೆ ನಡೆಯುತ್ತಾ ಹೊಡೆಯಿರಿ, ಹೊಡೆದ ಮಣ್ಣನ್ನು ತುಳಿಯಬೇಡಿ.